ಬಟ್ಟೆಯ ಮೇಲಿನ ಆಹಾರದ ಕಲೆ

ಬಟ್ಟೆಯ ಮೇಲಿನ ಆಹಾರದ ಕಲೆ ಎಂದರೆ ಅಡುಗೆ ಮತ್ತು ಊಟ, ಉಪಾಹಾರಗಳ ಸಂದರ್ಭದಲ್ಲಿ ಚೆಲ್ಲಿದ ಅಥವಾ ತಾಗಿದ ಪದಾರ್ಥವು ಬಟ್ಟೆಯ ನೂಲಿನೊಳಗೆ ಇಳಿದು, ಸಾಮಾನ್ಯ ಒಗೆತಕ್ಕೆ ಬಿಡದೆ ಉಳಿಯುವ ಗುರುತು. ಮೇಜಿನ ಹಾಸು, ಕೈವಸ್ತ್ರ, ಟವೆಲು, ಹಾಸಿಗೆಯ ಹೊದಿಕೆ, ದಿಂಬಿನ ಗವಸು, ಊಟಕ್ಕೆ ಉಡುವ ಪಂಚೆ ಮೊದಲಾದ ಮನೆಬಳಕೆಯ ಬಟ್ಟೆಗಳು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತವೆ. ಕೊಳೆಯೂ ಕಲೆಯೂ ಒಂದೇ ಅಲ್ಲ. ಕೊಳೆಯು ನೂಲಿನ ಮೇಲೆ ಕುಳಿತಿರುತ್ತದೆ. ಕಲೆಯು ನೂಲಿನೊಡನೆ ಬೆರೆತಿರುತ್ತದೆ. ಆದುದರಿಂದ ಕೊಳೆಗೆ ಉಜ್ಜುವಿಕೆ ಸಾಕಾದರೆ ಕಲೆಗೆ ಅದರ ಸ್ವಭಾವಕ್ಕೆ ತಕ್ಕ ದ್ರವ್ಯ ಬೇಕಾಗುತ್ತದೆ. ತಪ್ಪು ದ್ರವ್ಯವನ್ನು ಬಳಸಿದಾಗ ತೆಗೆಯಬಹುದಾಗಿದ್ದ ಕಲೆಯೂ ಶಾಶ್ವತವಾಗುವುದುಂಟು. ಕೆಲವು ದ್ರವ್ಯಗಳನ್ನು ಒಟ್ಟಿಗೆ ಬೆರೆಸಿದರೆ ಪ್ರಾಣಾಪಾಯವೂ ಇದೆ.

ಪದದ ಹಿನ್ನೆಲೆ

ಕನ್ನಡದಲ್ಲಿ 'ಕಲೆ' ಎಂಬ ಪದವು ಗುರುತು, ಮಚ್ಚೆ ಎಂಬ ಅರ್ಥದಲ್ಲಿಯೂ ಸಂಸ್ಕೃತದ 'ಕಲಾ' ಶಬ್ದದ ತದ್ಭವವಾಗಿ ಕುಶಲವಿದ್ಯೆ ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿದೆ. ಇದೇ ಅರ್ಥದ ಇನ್ನೊಂದು ಪದ 'ಕರೆ'. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ 'ಕಱೆ' ಎಂದು ಬರೆಯುತ್ತಿದ್ದುದರಿಂದ ಕೂಗುವುದು ಎಂಬ ಅರ್ಥದ 'ಕರೆ'ಯೊಡನೆ ಗೊಂದಲವಿರಲಿಲ್ಲ. ಇಂದಿನ ಬಳಕೆಯಲ್ಲಿ 'ಕರೆ' ಎಂಬುದು ಬಾಳೆ, ಗೇರು ಮೊದಲಾದ ಸಸ್ಯರಸಗಳ ಕಪ್ಪು ಗುರುತಿಗೆ ವಿಶೇಷವಾಗಿ ಸಲ್ಲುತ್ತದೆ. ಒಗೆದ ಬಟ್ಟೆಯನ್ನು ಸೂಚಿಸುವ 'ಮಡಿ' ಎಂಬ ಪದವು ಶುದ್ಧಿ ಎಂಬ ಅರ್ಥಕ್ಕೂ ವಿಸ್ತರಿಸಿದೆ. 'ಮಡಿವಾಳ' ಎಂಬ ವೃತ್ತಿನಾಮವು ಬಂದುದೂ ಇದರಿಂದಲೇ. 12ನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಕಾಯಕ ಬಟ್ಟೆ ಒಗೆಯುವುದೇ ಆಗಿತ್ತು.

ಹಿಂದಿನ ಪದ್ಧತಿಗಳು

ಸಾಬೂನು ಹಳ್ಳಿಗಳನ್ನು ತಲುಪುವ ಮೊದಲು ಬಟ್ಟೆಯ ಶುದ್ಧಿಗೆ ಚೌಳುಮಣ್ಣು, ಕಟ್ಟಿಗೆಯ ಬೂದಿ, ಸೀಗೆ, ಅಂಟುವಾಳ ಇವೇ ಆಧಾರವಾಗಿದ್ದವು. ಚೌಳುಮಣ್ಣು ಮತ್ತು ಬೂದಿಗಳು ಕ್ಷಾರೀಯವಾದುದರಿಂದ ಜಿಡ್ಡನ್ನು ಕರಗಿಸುತ್ತವೆ. ಸೀಗೆ, ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ವಸ್ತುವಿದ್ದು, ಅದು ಮೃದುವಾಗಿ ಕೆಲಸ ಮಾಡುತ್ತದೆ.

ಮಡಿವಾಳರು ಬಿಳಿಯ ಹತ್ತಿಬಟ್ಟೆಗಳನ್ನು 'ಉಬ್ಬೆ'ಗೆ ಹಾಕುತ್ತಿದ್ದರು. ಚೌಳುಮಣ್ಣಿನ ಅಥವಾ ಸೋಡಾದ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ದೊಡ್ಡ ಹಂಡೆಯ ಬಾಯಿಯ ಮೇಲೆ ಒಟ್ಟಿ, ಕೆಳಗೆ ಬೆಂಕಿ ಮಾಡಿ, ಆವಿಯಲ್ಲಿ ಬೇಯಿಸುವ ಕ್ರಮವಿದು. ಕ್ಷಾರ, ಶಾಖ ಮತ್ತು ಕಾಲ ಈ ಮೂರೂ ಒಟ್ಟಾಗಿ ಕೆಲಸ ಮಾಡುತ್ತಿದ್ದವು. ಬಳಿಕ ಹೊಳೆಯ ದಂಡೆಯಲ್ಲಿ ಬಂಡೆಗೆ ಬಡಿದು, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿ ಒಣಗಿಸಿದಾಗ ಬೆಳಕು ಉಳಿದ ಬಣ್ಣವನ್ನು ಅಳಿಸುತ್ತಿತ್ತು. ಬಂಡೆಗೆ ಬಡಿದರೆ ನೂಲು ಸವೆಯುತ್ತದೆ ಎಂಬ ಆಕ್ಷೇಪ ನಿಜವಾದರೂ, ಉಬ್ಬೆ ಮತ್ತು ಬಿಸಿಲಿನ ಜೋಡಣೆಯು ರಸಾಯನಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಸರಿಯಾದುದಾಗಿತ್ತು.

ಯಾವ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಮಡಿವಾಳರು ಹಾಕುತ್ತಿದ್ದ ಗುರುತು ಕೂಡ ಒಂದು ಕಲೆಯೇ. ಕರಿಗೇರು ಮರದ ಕಾಯಿಯ ರಸಕ್ಕೆ ಸುಣ್ಣ ತಾಗಿದರೆ ಯಾವ ಒಗೆತಕ್ಕೂ ಬಿಡದ ಕಪ್ಪು ಚುಕ್ಕೆಯಾಗುತ್ತದೆ. ಉಬ್ಬೆಯಲ್ಲಿ ಎಷ್ಟು ಸಲ ಬೆಂದರೂ ಅದು ಮಾಸುತ್ತಿರಲಿಲ್ಲ.

ಕಲೆ ಕೂರುವ ಬಗೆ

ಗೃಹವಿಜ್ಞಾನದ ಪಠ್ಯಗಳು ಕಲೆಗಳನ್ನು ಸಸ್ಯಜನ್ಯ, ಪ್ರಾಣಿಜನ್ಯ, ಜಿಡ್ಡು, ಬಣ್ಣ, ಖನಿಜ ಎಂದು ವಿಂಗಡಿಸುತ್ತವೆ. ಬೋಧನೆಗೆ ಈ ವಿಂಗಡಣೆ ಅನುಕೂಲವಾದರೂ ಅಡುಗೆಮನೆಯ ಕಲೆಗಳು ಒಂದೇ ವರ್ಗಕ್ಕೆ ಸೇರುವುದು ಅಪರೂಪ. ಒಂದು ಸೌಟು ಹುಳಿಯಲ್ಲಿ ಅರಿಶಿನದ ವರ್ಣದ್ರವ್ಯ, ಒಗ್ಗರಣೆಯ ಎಣ್ಣೆ, ಮೆಣಸಿನಕಾಯಿಯ ಕೆಂಪು, ಹುಣಸೆಯ ಆಮ್ಲ, ಬೇಳೆಯ ಪ್ರೋಟೀನು ಮತ್ತು ಪಿಷ್ಟ ಎಲ್ಲವೂ ಇರುತ್ತವೆ.

ಹತ್ತಿಯ ಎಳೆಯು ಸೆಲ್ಯುಲೋಸಿನಿಂದ ಆದುದು. ಅದು ನೀರನ್ನು ಬೇಗ ಹೀರುತ್ತದೆ. ನೀರಿನೊಡನೆ ಬಂದ ಬಣ್ಣವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ನೀರನ್ನು ಹೀರದಿದ್ದರೂ ಎಣ್ಣೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡನ್ನೂ ಬೆರೆಸಿ ನೇಯ್ದ ಇಂದಿನ ಹೊದಿಕೆಗಳಲ್ಲಿ ಎರಡು ಬಗೆಯ ತೊಡಕೂ ಇರುತ್ತದೆ. ರೇಷ್ಮೆ ಮತ್ತು ಉಣ್ಣೆಗಳು ಸ್ವತಃ ಪ್ರೋಟೀನಿನ ಎಳೆಗಳಾದುದರಿಂದ ಅವುಗಳಿಗೆ ಪ್ರತ್ಯೇಕ ಕ್ರಮ ಬೇಕು.

ನೀರಿನ ಗುಣವೂ ಇಲ್ಲಿ ಗಣನೆಗೆ ಬರುತ್ತದೆ. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಅಂಟಾದ ಗಷ್ಟಾಗುತ್ತವೆ. ಈ ಗಷ್ಟು ನೂಲಿನ ನಡುವೆ ಕುಳಿತು ಕಲೆಗೆ ಆಶ್ರಯ ಕೊಡುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಚಹಾ, ಕಾಫಿಗಳ ಕಂದು ಕಲೆಯು ಒಗೆದ ಮೇಲೆ ಇನ್ನಷ್ಟು ಕಪ್ಪಾಗಿ ಕಾಣುವುದುಂಟು.

ಮೊದಲು ಮಾಡಬೇಕಾದುದು

ಕಲೆ ಯಾವುದೇ ಆಗಿರಲಿ, ಅದು ಒಣಗುವ ಮೊದಲಿನ ಕೆಲವು ನಿಮಿಷಗಳು ಮುಂದಿನ ಹಲವು ಗಂಟೆಗಳ ಶ್ರಮಕ್ಕಿಂತ ಹೆಚ್ಚು ಫಲ ನೀಡುತ್ತವೆ. ಗಟ್ಟಿ ಪದಾರ್ಥವನ್ನು ಚಮಚದ ಅಂಚಿನಿಂದ ಎತ್ತಿ ತೆಗೆಯಬೇಕು. ದ್ರವವನ್ನು ಒಣಬಟ್ಟೆಯಿಂದ ಒತ್ತಿ ಹೀರಬೇಕು. ಒರೆಸಿದರೆ ಕಲೆ ಹರಡುತ್ತದೆ. ನೀರು ಹಾಕುವಾಗ ಕಲೆಯ ಹಿಂಬದಿಯಿಂದ ಹಾಕಿದರೆ ಪದಾರ್ಥವು ಬಂದ ದಾರಿಯಲ್ಲಿಯೇ ಹೊರಗೆ ಹೋಗುತ್ತದೆ. ಮುಂಬದಿಯಿಂದ ಹಾಕಿದರೆ ನೂಲಿನ ಆಳಕ್ಕೆ ಇಳಿಯುತ್ತದೆ. ಉಜ್ಜುವಿಕೆ ಅಗತ್ಯವಾದಲ್ಲಿ ಅಂಚಿನಿಂದ ನಡುವಿಗೆ ಸಾಗಬೇಕು.

ಹೊಸ ದ್ರವ್ಯವನ್ನು ಬಳಸುವ ಮೊದಲು ಬಟ್ಟೆಯ ಒಳಮಡಿಕೆಯಲ್ಲಿ ಅಥವಾ ಸೆರಗಿನ ಮೂಲೆಯಲ್ಲಿ ಪರೀಕ್ಷಿಸುವುದು ಕ್ಷೇಮ. ಕಲೆ ಪೂರ್ತಿ ಹೋಗುವವರೆಗೆ ಬಟ್ಟೆಗೆ ಇಸ್ತ್ರಿ ಹಾಕಬಾರದು ಮತ್ತು ಯಂತ್ರದ ಬಿಸಿಗಾಳಿಯಲ್ಲಿ ಒಣಗಿಸಬಾರದು. ಅಳಿಸಲಾಗದ ಕಲೆಗಳಲ್ಲಿ ಬಹುಪಾಲು ಇಸ್ತ್ರಿಯಡಿಯಲ್ಲಿ ಹುಟ್ಟಿದವು ಎಂದರೆ ಅತಿಶಯೋಕ್ತಿಯಾಗಲಾರದು.

ಅರಿಶಿನದ ಕಲೆ

ಭಾರತೀಯ ಅಡುಗೆಮನೆಯ ಕಲೆಗಳಲ್ಲಿ ಅರಿಶಿನದ್ದು ಅತ್ಯಂತ ಮೊಂಡು. ಇದಕ್ಕೆ ಕಾರಣ ಕರ್ಕ್ಯುಮಿನ್ ಎಂಬ ಹಳದಿ ವರ್ಣದ್ರವ್ಯ. ಇದನ್ನು ಫೋಗಲ್ ಮತ್ತು ಪೆಲ್ಟಿಯೆ ಎಂಬ ವಿಜ್ಞಾನಿಗಳು 1815ರಲ್ಲಿ ಅರಿಶಿನದಿಂದ ಬೇರ್ಪಡಿಸಿದರು. ಇದರ ರಾಸಾಯನಿಕ ರಚನೆಯು 1910ರಲ್ಲಿ ತಿಳಿದುಬಂದಿತು. ಒಣ ಅರಿಶಿನದಲ್ಲಿ ಇದರ ಪ್ರಮಾಣ ಸ್ವಲ್ಪವೇ ಆದರೂ ಒಂದು ಚಿಟಿಕೆ ಪುಡಿ ಒಂದು ಪಂಚೆಯನ್ನು ಹಾಳುಮಾಡಲು ಸಾಕು. ಹೆಚ್ಚಿನ ಸಸ್ಯವರ್ಣಗಳು ಹತ್ತಿಗೆ ಹಿಡಿಯಬೇಕಾದರೆ ಸ್ಫಟಿಕದಂತಹ ಹಿಡಿಕಾರಕ ಬೇಕು. ಅರಿಶಿನಕ್ಕೆ ಅದೂ ಬೇಡ. ಅದು ನೇರವಾಗಿ ನೂಲಿಗೆ ಹಿಡಿಯುತ್ತದೆ. ಬಟ್ಟೆಗೆ ಬಣ್ಣ ಕಟ್ಟಲು ಅರಿಶಿನವನ್ನು ಪ್ರಾಚೀನ ಕಾಲದಿಂದಲೂ ಬಳಸಿರುವುದು ಇದೇ ಗುಣಕ್ಕಾಗಿ.

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಅದು ಕರಗುತ್ತದೆ. ಆದುದರಿಂದ ಬರಿಯ ನೀರಿನಿಂದ ತೊಳೆದಷ್ಟೂ ಕಲೆ ಕದಲುವುದಿಲ್ಲ. ಬಿಸಿನೀರಾದರೆ ನೂಲಿನೊಳಗೆ ಇನ್ನಷ್ಟು ಇಳಿಯುತ್ತದೆ.

ಈ ಕಲೆಗೆ ಸಾಬೂನು ತಾಗಿದೊಡನೆ ಅದು ಕಡುಗೆಂಪಾಗುವುದನ್ನು ಕಂಡು ಗಾಬರಿಯಾಗುವವರು ಅನೇಕರು. ಬಟ್ಟೆ ಕೆಟ್ಟಿತೆಂಬ ಭಯ ಇಲ್ಲಿ ಅನಾವಶ್ಯಕ. ಕರ್ಕ್ಯುಮಿನ್ ಆಮ್ಲದಲ್ಲಿ ಹಳದಿಯಾಗಿಯೂ ಕ್ಷಾರದಲ್ಲಿ ಕೆಂಪಾಗಿಯೂ ಕಾಣುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ಓಕುಳಿಯನ್ನು ಮಾಡುವುದು ಇದೇ ತತ್ತ್ವದಿಂದ. ಶಾಲೆಗಳ ಪ್ರಯೋಗಾಲಯದಲ್ಲಿ ಅರಿಶಿನ ಸವರಿದ ಕಾಗದದಿಂದ ಕ್ಷಾರವನ್ನು ಗುರುತಿಸುವುದೂ ಹೀಗೆಯೇ. ಸಾಬೂನನ್ನು ಚೆನ್ನಾಗಿ ಜಾಲಿಸಿ ತೆಗೆದರೆ, ಅಥವಾ ಒಂದೆರಡು ಹನಿ ನಿಂಬೆರಸ ಹಾಕಿದರೆ, ಕೆಂಪು ಮರಳಿ ಹಳದಿಯಾಗುತ್ತದೆ. ಗಮನಿಸಬೇಕಾದುದೆಂದರೆ, ಇದು ಬಣ್ಣದ ಬದಲಾವಣೆಯೇ ಹೊರತು ಕಲೆಯ ನಿವಾರಣೆಯಲ್ಲ. ಕೆಂಪು ಹೋಯಿತೆಂದು ಬಟ್ಟೆಯನ್ನು ಮಡಿಸಿಟ್ಟರೆ ಹಳದಿ ಅಲ್ಲಿಯೇ ಉಳಿದಿರುತ್ತದೆ.

ಅರಿಶಿನದ ಒಂದು ದೌರ್ಬಲ್ಯವೆಂದರೆ ಬೆಳಕು. ಕರ್ಕ್ಯುಮಿನ್ ಅಣುವು ಬೆಳಕಿಗೆ, ವಿಶೇಷವಾಗಿ ಸೂರ್ಯನ ನೇರಳಾತೀತ ಕಿರಣಗಳಿಗೆ ಒಡೆದುಹೋಗುತ್ತದೆ. ಆದುದರಿಂದ ಬಿಳಿಯ ಹತ್ತಿಬಟ್ಟೆಯ ಕಲೆಗೆ ಡಿಟರ್ಜೆಂಟ್ ಹಚ್ಚಿ, ಅರ್ಧಗಂಟೆ ಬಿಟ್ಟು, ತಣ್ಣೀರಿನಲ್ಲಿ ಒಗೆದು, ಒದ್ದೆಯಿರುವಾಗಲೇ ಕಲೆಯ ಭಾಗ ಮೇಲೆ ಬರುವಂತೆ ಬಿರುಬಿಸಿಲಿಗೆ ಹಾಕುವುದು ಅತ್ಯುತ್ತಮ ಕ್ರಮ. ಒಣಗಿದಾಗಲೆಲ್ಲ ಮತ್ತೆ ನೀರು ಚಿಮುಕಿಸಬೇಕು. ಬೇಸಗೆಯಲ್ಲಿ ತೆಳುವಾದ ಕಲೆ ಒಂದೇ ದಿನಕ್ಕೆ ಮಾಯವಾಗುತ್ತದೆ. ಗಾಢವಾದುದಕ್ಕೆ ಎರಡು ಮೂರು ದಿನ ಬೇಕಾಗಬಹುದು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಾತ್ರ ಈ ಉಪಾಯ ನಡೆಯದು. ಮಹಡಿಮನೆಗಳ ಒಳಾಂಗಣದಲ್ಲಿ ಬಟ್ಟೆ ಒಣಗಿಸುವ ನಗರವಾಸಿಗಳಿಗೆ ಅರಿಶಿನದ ಕಲೆ ಹೆಚ್ಚು ತೊಂದರೆ ಕೊಡುವುದಕ್ಕೂ ಇದೇ ಕಾರಣ: ಕಿಟಕಿಯ ಗಾಜು ನೇರಳಾತೀತ ಕಿರಣಗಳ ಒಂದು ಭಾಗವನ್ನು ತಡೆಯುತ್ತದೆ.

ಬಿಸಿಲಿಲ್ಲದಾಗ ಔಷಧದ ಅಂಗಡಿಯಲ್ಲಿ ದೊರೆಯುವ ಬಣ್ಣರಹಿತ ಸರ್ಜಿಕಲ್ ಸ್ಪಿರಿಟನ್ನು ಬಳಸಬಹುದು. ಕಲೆಯ ಕೆಳಗೆ ಮಡಿಸಿದ ಹಳೆಯ ಬಟ್ಟೆಯನ್ನು ಇಟ್ಟು, ಮೇಲಿನಿಂದ ಹತ್ತಿಯ ಉಂಡೆಯಲ್ಲಿ ಸ್ಪಿರಿಟನ್ನು ಒತ್ತಿದರೆ ಹಳದಿಯು ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಕೆಳಗಿನ ಬಟ್ಟೆಯನ್ನು ಆಗಾಗ ಬದಲಿಸದಿದ್ದರೆ ಬಣ್ಣ ಮತ್ತೆ ಮೇಲೇರುತ್ತದೆ. ಸ್ಪಿರಿಟು ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ದೀಪ, ಊದುಬತ್ತಿಗಳ ಸಮೀಪ ಈ ಕೆಲಸ ಸಲ್ಲದು.

ಸಾರು, ಹುಳಿ ಮತ್ತು ಉಪ್ಪಿನಕಾಯಿ

ಇವು ಮಿಶ್ರ ಕಲೆಗಳು. ಎಣ್ಣೆಯು ಬಣ್ಣವನ್ನು ಹೊತ್ತು ತಂದು ನೂಲಿನಲ್ಲಿ ಇಳಿಸಿರುವುದರಿಂದ ಮೊದಲು ಎಣ್ಣೆಯನ್ನು, ಅನಂತರ ಬಣ್ಣವನ್ನು ತೆಗೆಯಬೇಕು. ಈ ಕ್ರಮ ತಪ್ಪಿದರೆ ಎರಡೂ ಉಳಿಯುತ್ತವೆ. ಪಾತ್ರೆ ತೊಳೆಯುವ ದ್ರವ ಸಾಬೂನನ್ನು ಒಣ ಕಲೆಯ ಮೇಲೆ ನೇರವಾಗಿ ಹಚ್ಚಿ, ಬೆರಳಿನಿಂದ ಮೃದುವಾಗಿ ತಿಕ್ಕಿ, ಹದಿನೈದು ನಿಮಿಷದ ಬಳಿಕ ತೊಳೆಯುವುದು ಮೊದಲ ಹಂತ. ಇಲ್ಲಿ ನೀರನ್ನು ಮೊದಲೇ ಹಾಕಿದರೆ ಎಣ್ಣೆಯ ಸುತ್ತ ನೀರು ನಿಂತು ಸಾಬೂನು ಒಳಗೆ ಹೋಗುವುದಿಲ್ಲ. ಉಳಿದ ಹಳದಿಗೆ ಬಿಸಿಲೇ ಮದ್ದು.

ಮೆಣಸಿನಕಾಯಿಯ ಕೆಂಪಾದ ಕ್ಯಾಪ್ಸಾಂಥಿನ್, ಟೊಮೆಟೊವಿನ ಕೆಂಪಾದ ಲೈಕೋಪೀನ್ ಇವೆರಡೂ ಕ್ಯಾರೊಟಿನಾಯ್ಡ್ ವರ್ಗದ, ಎಣ್ಣೆಯಲ್ಲಿ ಕರಗುವ ವರ್ಣಗಳು. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದರಿಂದ ಅದರ ಕಲೆಯೂ ಗಾಢವಾಗಿರುತ್ತದೆ. ಆದರೆ ಇವು ಅರಿಶಿನದಷ್ಟು ಹಟಮಾರಿಗಳಲ್ಲ. ಎಣ್ಣೆ ಹೋದರೆ ಬಹುಪಾಲು ಹೋಗುತ್ತವೆ, ಉಳಿದುದು ಬೆಳಕಿಗೆ ಮಾಸುತ್ತದೆ.

ಒಗರಿನ ಕಲೆಗಳು

ಚಹಾ, ಕಾಫಿ, ಅಡಿಕೆ, ದಾಳಿಂಬೆಯ ಸಿಪ್ಪೆ, ಗೇರುಹಣ್ಣು, ಬಾಳೆ ಮೊದಲಾದವುಗಳಲ್ಲಿ ಒಗರು ರುಚಿಗೆ ಕಾರಣವಾದ ಟ್ಯಾನಿನ್ ಮತ್ತು ಅದರ ಬಂಧುಗಳಾದ ಪಾಲಿಫೀನಾಲ್‌ಗಳಿವೆ. ಇವು ಗಾಳಿಯಲ್ಲಿ ಆಮ್ಲಜನಕದೊಡನೆ ಕೂಡಿ ಕಂದಾಗುತ್ತವೆ. ಕಬ್ಬಿಣ ತಾಗಿದರೆ ಕಪ್ಪಾಗುತ್ತವೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಈ ಗುಣವನ್ನು ತಿಳಿದೇ. ಸಾಬೂನಿನ ಕ್ಷಾರವೂ ಈ ಕಲೆಗಳನ್ನು ಗಾಢಗೊಳಿಸುತ್ತದೆ. ಆದುದರಿಂದ ಜಿಡ್ಡಿನ ಕಲೆಗೆ ಹಿತವಾದ ಬಾರ್ ಸೋಪು ಇಲ್ಲಿ ಮೊದಲ ಆಯ್ಕೆಯಾಗಬಾರದು.

ಹಾಲು ಹಾಕದ ಕಾಫಿ, ಚಹಾಗಳ ಹೊಸ ಕಲೆಯನ್ನು ತಣ್ಣೀರಿನಿಂದ ತೊಳೆದು ತೆಳುವಾದ ವಿನೆಗರ್ ಅಥವಾ ನಿಂಬೆರಸದ ನೀರಿನಲ್ಲಿ ನೆನೆಸಿ, ಅನಂತರ ಡಿಟರ್ಜೆಂಟಿನಲ್ಲಿ ಒಗೆಯಬೇಕು. ಹಾಲು ಬೆರೆತಿದ್ದರೆ ಅದರಲ್ಲಿ ಪ್ರೋಟೀನೂ ಕೊಬ್ಬೂ ಇರುವುದರಿಂದ ಬಿಸಿನೀರು ತಾಗಿಸಬಾರದು. ಒಣಗಿದ ಹಳೆಯ ಕಲೆಗೆ ಗ್ಲಿಸರಿನ್ ಹಚ್ಚಿ ಕೆಲವು ಗಂಟೆ ಬಿಟ್ಟರೆ ಅದು ಮೃದುವಾಗುತ್ತದೆ. ಬಿಳಿಗಾರದ ನೀರಿನಲ್ಲಿ ನೆನೆಸುವ ಕ್ರಮವನ್ನೂ ಹಳೆಯ ಗೃಹವಿಜ್ಞಾನ ಪುಸ್ತಕಗಳು ಹೇಳುತ್ತವೆ. ಮಕ್ಕಳ ಬಟ್ಟೆಯ ಮೇಲಿನ ರಾಗಿಸರಿಯ ಕಂದು ಕಲೆಯೂ ಇದೇ ಜಾತಿಯದು, ಏಕೆಂದರೆ ರಾಗಿಯ ಹೊಟ್ಟಿನಲ್ಲಿ ಪಾಲಿಫೀನಾಲ್‌ಗಳು ಹೇರಳವಾಗಿವೆ. ಅದರಲ್ಲಿ ಪಿಷ್ಟವೂ ಇರುವುದರಿಂದ ಒಣಗಲು ಬಿಡದೆ ತಣ್ಣೀರಿನಲ್ಲಿ ನೆನೆಹಾಕಬೇಕು.

ಬಾಳೆಯ ಕರೆ ತಾಗಿದಾಗ ಬಣ್ಣವಿಲ್ಲದ ನೀರಿನಂತೆ ಕಾಣುತ್ತದೆ. ಮೋಸವಿರುವುದು ಇಲ್ಲಿಯೇ. ಬಾಳೆದಿಂಡು, ಬಾಳೆಹೂವು, ಬಾಳೆಕಾಯಿಗಳನ್ನು ಹೆಚ್ಚುವಾಗ ಸಿಡಿದ ರಸವು ಗಾಳಿಗೆ ಕಂದುಗಪ್ಪಾಗಿ, ಒಂದೆರಡು ಒಗೆತದ ಬಳಿಕ ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತಿಬಟ್ಟೆಯ ಮೇಲೆ ಒಮ್ಮೆ ಕೂತರೆ ಇದನ್ನು ಮನೆಯ ಉಪಾಯಗಳಿಂದ ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ಹೆಚ್ಚುವ ಮುನ್ನ ಕೈಗೂ ಚಾಕುವಿಗೂ ಎಣ್ಣೆ ಸವರುವುದು, ಹೆಚ್ಚಿದ ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕುವುದು, ಹಳೆಯ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಳ್ಳುವುದು ಇವೆಲ್ಲ ರೂಢಿಗೆ ಬಂದುದು ಈ ಅನುಭವದಿಂದ. ಮಜ್ಜಿಗೆಯ ಹುಳಿಯು ಕಪ್ಪಾಗುವ ಕ್ರಿಯೆಯನ್ನು ತಡೆಯುತ್ತದೆ. ರಸ ಸಿಡಿದ ತಕ್ಷಣ ನಿಂಬೆಹೋಳಿನಿಂದ ತಿಕ್ಕಿ ತೊಳೆದರೆ ಬಟ್ಟೆಯೂ ಉಳಿದೀತು. ಗೇರುಹಣ್ಣಿನ ರಸದ ಕಲೆಗೂ ಇದೇ ಮಾತು ಅನ್ವಯಿಸುತ್ತದೆ. ಕರಾವಳಿಯಲ್ಲಿ ಗೇರುಹಣ್ಣು ತಿನ್ನುವ ಮಕ್ಕಳ ಅಂಗಿಗಳು ಇದಕ್ಕೆ ಸಾಕ್ಷಿ.

ಹಲಸಿನ ಅಂಟು ಬೇರೆ ಬಗೆಯದು. ಅದು ನೀರಿಗೂ ಸಾಬೂನಿಗೂ ಜಗ್ಗದು. ತೆಂಗಿನೆಣ್ಣೆ ಅಥವಾ ಸೀಮೆಎಣ್ಣೆಗೆ ಕರಗುತ್ತದೆ. ಎಣ್ಣೆ ಹಚ್ಚಿ ಅಂಟನ್ನು ಬಿಡಿಸಿದ ಮೇಲೆ ಎಣ್ಣೆಯ ಕಲೆಗೆ ಹೇಳಿದ ಕ್ರಮವನ್ನು ಅನುಸರಿಸಬೇಕು.

ತಾಂಬೂಲದ ಕಲೆ ಕೆಂಪಾಗಲು ಅಡಿಕೆಯ ಟ್ಯಾನಿನಿಗೆ ಸುಣ್ಣದ ಕ್ಷಾರ ಸೇರಿರುವುದು ಕಾರಣ. ಈ ಕಲೆಗೆ ಮೊಸರು ಹಚ್ಚಿ ತಿಕ್ಕುವ ಮನೆಮದ್ದು ಹಳೆಯದು ಮತ್ತು ಸಕಾರಣವಾದುದು. ಮೊಸರಿನ ಆಮ್ಲವು ಸುಣ್ಣವನ್ನು ತಟಸ್ಥಗೊಳಿಸಿ ಕೆಂಪನ್ನು ತೆಳುವಾಗಿಸುತ್ತದೆ. ಎರಡು ಮೂರು ಸಲ ಮೊಸರನ್ನು ಬದಲಿಸಿ ಹಚ್ಚಿದರೆ ಮಾತ್ರ ಪರಿಣಾಮ ಕಾಣುತ್ತದೆ. ಮೊದಲೇ ಸಾಬೂನು ಹಾಕಿದರೆ ಕ್ಷಾರಕ್ಕೆ ಕ್ಷಾರ ಸೇರಿ ಕಲೆ ನಿಲ್ಲುತ್ತದೆ.

ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿದ 'ಚೊಗರು' ಬಟ್ಟೆಗೆ ತಾಗಿದರೆ ಬಿಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿರುವ 'ಚರಕ' ಮಹಿಳಾ ಸಹಕಾರ ಸಂಘವು ಈ ಚೊಗರಿನಿಂದಲೇ ಕೈಮಗ್ಗದ ನೂಲಿಗೆ ಬಣ್ಣ ಹಾಕುತ್ತದೆ. ಬೇಡದ ಕಡೆ ಕೂತರೆ ಕಲೆ, ಬೇಕಾದ ಕಡೆ ಕೂತರೆ ಬಣ್ಣ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಣ್ಣಿನ ಕಲೆಗಳು

ನೇರಳೆ, ಕಪ್ಪು ದ್ರಾಕ್ಷಿ, ದಾಳಿಂಬೆಗಳ ಬಣ್ಣ ಆಂಥೊಸಯನಿನ್‌ನಿಂದ ಬಂದುದು. ಇದು ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿಹಸಿರು. ಸಾಬೂನು ತಾಗಿದ ನೇರಳೆಯ ಕಲೆ ನೀಲಿಯಾಗುವುದು ಇದರಿಂದ. ಗಟ್ಟಿಯಾದ ಬಿಳಿಯ ಹತ್ತಿಬಟ್ಟೆಯಾದರೆ ಪಾತ್ರೆಯ ಬಾಯಿಗೆ ಅದನ್ನು ಬಿಗಿದು ಕಟ್ಟಿ, ಕುದಿಯುವ ನೀರನ್ನು ಸ್ವಲ್ಪ ಎತ್ತರದಿಂದ ಸುರಿಯುವ ವಿಧಾನ ಪ್ರಸಿದ್ಧವಾಗಿದೆ. ಕೈಗೆ ನೀರು ಸಿಡಿಯದಂತೆ ಜಾಗ್ರತೆ ವಹಿಸಬೇಕು. ಬೀಟ್‌ರೂಟಿನ ಕೆಂಪು ನೋಡಲು ಭಯಂಕರವಾದರೂ ನೀರಿನಲ್ಲಿ ಕರಗುವಂತಹುದು. ತಣ್ಣೀರಿನಲ್ಲಿ ನೆನೆಸಿದರೆ ಬಹುಪಾಲು ಹೋಗುತ್ತದೆ.

ಎಣ್ಣೆ ಮತ್ತು ತುಪ್ಪ

ತುಪ್ಪ ಚೆಲ್ಲಿದ ಕೂಡಲೇ ಕಡಲೆಹಿಟ್ಟು, ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರನ್ನು ದಪ್ಪವಾಗಿ ಉದುರಿಸಿ, ಜಿಡ್ಡನ್ನು ಹೀರಲು ಬಿಟ್ಟು ಕೊಡವಬೇಕು. ಅನಂತರ ಸಾಬೂನು ಹಚ್ಚಿ, ಬಟ್ಟೆ ತಾಳುವಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ಬಿಸಿನೀರು ನಿಸ್ಸಂಶಯವಾಗಿ ಉಪಕಾರಿಯಾಗುವ ಸಂದರ್ಭಗಳಲ್ಲಿ ಇದೊಂದು. ಎಣ್ಣೆಯ ಕಲೆಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ಗಾಳಿಗೆ ಗಟ್ಟಿಯಾಗಿ ಹಳದಿ ಅಂಟಾಗುತ್ತದೆ; ಮಡಿಸಿಟ್ಟ ಮೇಜುಹಾಸುಗಳಲ್ಲಿ ವರ್ಷದ ಬಳಿಕ ಕಾಣಿಸುವ ಹಳದಿ ಚುಕ್ಕೆಗಳು ಹೆಚ್ಚಾಗಿ ಹೀಗೆ ಆದವು.

ಹಾಲು, ಮೊಸರು, ಮೊಟ್ಟೆ

ಇವು ಪ್ರೋಟೀನಿನ ಕಲೆಗಳು. ಮೊಟ್ಟೆ ಬಿಸಿಗೆ ಗಟ್ಟಿಯಾಗುವಂತೆ ಇವೂ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ನೂಲಿಗೆ ಗಟ್ಟಿಯಾಗಿ ಹಿಡಿಯುತ್ತವೆ. ತಣ್ಣೀರೇ ಸರಿ. ಕಿಣ್ವಗಳಿರುವ ಸೋಪಿನ ಪುಡಿ ಇವುಗಳಿಗೆ ಅತ್ಯಂತ ಪರಿಣಾಮಕಾರಿ. ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳನ್ನು ಒಗೆತಕ್ಕೆ ಬಳಸುವ ವಿಧಾನಕ್ಕೆ ಜರ್ಮನಿಯ ಓಟೋ ರೋಮ್ 1913ರಲ್ಲಿ ಹಕ್ಕುಪತ್ರ ಪಡೆದನು. ಕಿಣ್ವಗಳಿಗೆ ಕೆಲಸ ಮಾಡಲು ಕಾಲ ಬೇಕಾದುದರಿಂದ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧಗಂಟೆಯಾದರೂ ನೆನೆಸಬೇಕು.

ಚಲುವೆಕಾರಕಗಳು ಮತ್ತು ಅವುಗಳ ಅಪಾಯ

ಮೇಲಿನ ಉಪಾಯಗಳಿಗೆ ಬಗ್ಗದ ಕಲೆಯ ಬಣ್ಣವನ್ನು ರಾಸಾಯನಿಕವಾಗಿ ಅಳಿಸುವ ವಸ್ತುಗಳಿಗೆ ಚಲುವೆಕಾರಕಗಳೆಂದು ಹೆಸರು. ಕಾರ್ಲ್ ಷೀಲೆ 1774ರಲ್ಲಿ ಕ್ಲೋರಿನ್ ಅನಿಲವನ್ನು ತಯಾರಿಸಿದನು. ಅದರ ಬಿಳಿಚಿಸುವ ಗುಣ ತಿಳಿದ ಬಳಿಕ, 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪೌಡರಿಗೆ ಹಕ್ಕುಪತ್ರ ಪಡೆದನು. ಅದುವರೆಗೆ ತಿಂಗಳುಗಟ್ಟಲೆ ಹುಲ್ಲುಗಾವಲಿನಲ್ಲಿ ಬಿಸಿಲಿಗೆ ಹರಡಬೇಕಾಗಿದ್ದ ಬಟ್ಟೆಗಳು ಕೆಲವು ದಿನಗಳಲ್ಲಿ ಬಿಳಿಯಾಗತೊಡಗಿದವು.

ಮನೆಗಳಲ್ಲಿ ಇಂದು ಬಳಕೆಯಾಗುವುದು ಬ್ಲೀಚಿಂಗ್ ಪೌಡರು ಮತ್ತು ದ್ರವರೂಪದ ಸೋಡಿಯಂ ಹೈಪೊಕ್ಲೋರೈಟ್. ಇವು ಬಿಳಿಯ ಹತ್ತಿ ಮತ್ತು ನಾರುಬಟ್ಟೆಗಳಿಗೆ ಮಾತ್ರ ಸಲ್ಲುತ್ತವೆ. ಬಣ್ಣದ ಬಟ್ಟೆಯನ್ನು ಬಿಳಿಚಿಸುತ್ತವೆ. ರೇಷ್ಮೆ, ಉಣ್ಣೆಗಳನ್ನು ಹಳದಿಯಾಗಿಸಿ ಕೊನೆಗೆ ಕರಗಿಸಿಯೇಬಿಡುತ್ತವೆ. ಹೈಡ್ರೋಜನ್ ಪೆರಾಕ್ಸೈಡಿನ ತೆಳುದ್ರಾವಣ (3 ಪ್ರತಿಶತ) ಮತ್ತು ಸೋಡಿಯಂ ಪರ್ಕಾರ್ಬೊನೇಟ್ ಇರುವ ಪುಡಿಗಳು ಇವುಗಳಿಗಿಂತ ಸೌಮ್ಯ. ಕಾಫಿ, ಹಣ್ಣು, ಅರಿಶಿನಗಳ ಉಳಿಕೆಗೆ ಇವು ಸಾಕು.

ಹೈಪೊಕ್ಲೋರೈಟಿಗೆ ಯಾವುದೇ ಆಮ್ಲವನ್ನು ಬೆರೆಸಬಾರದು. ವಿನೆಗರ್, ನಿಂಬೆರಸ, ಹುಣಸೆಯ ನೀರು, ಅದಕ್ಕಿಂತ ಮಿಗಿಲಾಗಿ ಶೌಚಾಲಯ ತೊಳೆಯುವ ಆಸಿಡ್ ಇವುಗಳಲ್ಲಿ ಯಾವುದು ಸೇರಿದರೂ ವಿಷಾನಿಲವಾದ ಕ್ಲೋರಿನ್ ಹೊರಬರುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಾನಿಲ ಹುಟ್ಟುತ್ತದೆ. ಒಂದು ಉಪಾಯ ಫಲಿಸಲಿಲ್ಲವೆಂದು ಬಕೆಟಿನಲ್ಲಿ ಅದರ ಮೇಲೆಯೇ ಇನ್ನೊಂದನ್ನು ಸುರಿಯುವಾಗ, ಅದೂ ಬಾಗಿಲು ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ, ಈ ಅನಾಹುತ ಸಂಭವಿಸುತ್ತದೆ. ಕಣ್ಣು ಉರಿ, ಕೆಮ್ಮು, ಎದೆ ಬಿಗಿತ ಇದರ ಮೊದಲ ಲಕ್ಷಣಗಳು. ಅಂತಹ ಸಂದರ್ಭದಲ್ಲಿ ಬಟ್ಟೆಯನ್ನೂ ಬಕೆಟನ್ನೂ ಅಲ್ಲಿಯೇ ಬಿಟ್ಟು ಕೂಡಲೇ ಹೊರಗಿನ ಗಾಳಿಗೆ ಬರಬೇಕು. ಉಸಿರಾಟ ಕಷ್ಟವಾದರೆ ವೈದ್ಯರಲ್ಲಿಗೆ ಹೋಗಬೇಕು. ಒಂದು ದ್ರವ್ಯದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಟ್ಟೆಯನ್ನೂ ಪಾತ್ರೆಯನ್ನೂ ಧಾರಾಳವಾಗಿ ನೀರಿನಿಂದ ಜಾಲಿಸುವುದು ಕಡ್ಡಾಯ. ಚಲುವೆಕಾರಕಗಳನ್ನು ತಂಪು ಪಾನೀಯದ ಹಳೆಯ ಬಾಟಲಿಗಳಲ್ಲಿ ತುಂಬಿಡುವ ಅಭ್ಯಾಸವೂ ಮಕ್ಕಳಿರುವ ಮನೆಯಲ್ಲಿ ಅಪಾಯಕಾರಿ. ಹಳೆಯ ಪುಸ್ತಕಗಳು ಸೂಚಿಸುವ ಆಕ್ಸಾಲಿಕ್ ಆಮ್ಲವು ಹೊಟ್ಟೆಗೆ ಹೋದರೆ ವಿಷ. ಮನೆಬಳಕೆಗೆ ಅದನ್ನು ತರದಿರುವುದೇ ಲೇಸು.

ರೇಷ್ಮೆ ಮತ್ತು ಜರಿ

ಹಬ್ಬದ ಊಟದಲ್ಲಿ ರೇಷ್ಮೆಯ ಮೇಲೆ ಸಾರು ಬಿದ್ದರೆ ಒಣಬಟ್ಟೆಯಿಂದ ಒತ್ತಿ ಹೀರಿ ಅಲ್ಲಿಗೆ ನಿಲ್ಲಿಸುವುದು ಮೇಲು. ಕ್ಷಾರೀಯ ಸಾಬೂನು, ಕಿಣ್ವದ ಪುಡಿ, ಬಿರುಬಿಸಿಲು ಮೂರೂ ರೇಷ್ಮೆಗೆ ಹಾನಿಕರ. ಜರಿಗೆ ಉಪ್ಪು, ಹುಳಿ ತಾಗಿದರೆ ಕಪ್ಪಾಗಬಹುದು. ತಣ್ಣೀರು ಮತ್ತು ಅಂಟುವಾಳದ ತಿಳಿನೊರೆಗಿಂತ ಹೆಚ್ಚಿನದನ್ನು ಮನೆಯಲ್ಲಿ ಪ್ರಯೋಗಿಸದೆ, ನೀರಿನ ಬದಲು ದ್ರಾವಕ ಬಳಸುವ ಡ್ರೈಕ್ಲೀನಿಂಗಿಗೆ ಕೊಡಬೇಕು. ಕೊಡುವಾಗ ಕಲೆ ಯಾವುದರದೆಂದು ಹೇಳುವುದನ್ನು ಮರೆಯಬಾರದು.

ಪ್ರಚಲಿತ ನಂಬಿಕೆಗಳು

ನಿಂಬೆರಸ ಮತ್ತು ಅಡುಗೆ ಸೋಡಾಗಳನ್ನು ಒಟ್ಟಿಗೆ ಕಲೆಯ ಮೇಲೆ ಹಾಕುವ ಸಲಹೆ ಇಂದು ಬಹಳ ಪ್ರಚಾರದಲ್ಲಿದೆ. ಆಮ್ಲವೂ ಕ್ಷಾರವೂ ಸೇರಿದಾಗ ಬುರುಗು ಬರುತ್ತದೆ. ಅದನ್ನು ಕಂಡು ಕಲೆ ಹೋಗುತ್ತಿದೆಯೆಂದು ಭಾವಿಸುವವರುಂಟು. ವಾಸ್ತವವಾಗಿ ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಎರಡರ ಗುಣವೂ ನಷ್ಟವಾಗುತ್ತದೆ. ಬೇರೆ ಬೇರೆಯಾಗಿ, ಬೇರೆ ಬೇರೆ ಕಲೆಗೆ ಬಳಸಿದರೆ ಎರಡೂ ಉಪಯುಕ್ತವೇ. ಉಪ್ಪು ಕಲೆಯನ್ನು ಎಳೆದುಕೊಳ್ಳುತ್ತದೆ ಎಂಬುದು ಅರ್ಧಸತ್ಯ. ಚೆಲ್ಲಿದ ದ್ರವವನ್ನು ಅದು ಸ್ವಲ್ಪ ಹೀರುತ್ತದೆಯೇ ಹೊರತು ನೂಲಿಗೆ ಹಿಡಿದ ಬಣ್ಣವನ್ನು ಬಿಡಿಸದು. ಹಲ್ಲುಜ್ಜುವ ಪೇಸ್ಟು ಅದರಲ್ಲಿರುವ ನುಣುಪಾದ ಪುಡಿಯಿಂದ ಉಜ್ಜಿ ತೆಗೆಯುವುದರಿಂದ ಕಲೆಯೊಡನೆ ನೂಲನ್ನೂ ಸವೆಸುತ್ತದೆ. ಬಿಳಿಬಟ್ಟೆಗೆ ಹಾಕುವ ನೀಲಿಯು ಯಾವ ಕಲೆಯನ್ನೂ ತೆಗೆಯುವುದಿಲ್ಲ. ಹಳದಿಯ ಮೇಲೆ ನೀಲಿ ಛಾಯೆ ಬಂದಾಗ ಕಣ್ಣಿಗೆ ಬಿಳುಪಾಗಿ ತೋರುತ್ತದೆ, ಅಷ್ಟೆ.

ಉಳಿದುಬಿಡುವ ಕಲೆಗಳು

ಇಸ್ತ್ರಿಯ ಬಿಸಿಗೆ ಕೂತ ಅರಿಶಿನ, ಹಳೆಯ ಬಾಳೆಯ ಕರೆ, ಗೇರಿನ ಕರೆ, ವರ್ಷ ಕಳೆದ ಎಣ್ಣೆ ಇವು ಯಾವ ಉಪಾಯಕ್ಕೂ ಪೂರ್ತಿ ಬಿಡದಿರಬಹುದು. ಮತ್ತೆ ಮತ್ತೆ ಬ್ಲೀಚ್ ಮಾಡಿದರೆ ಕಲೆಗಿಂತ ಮೊದಲು ಬಟ್ಟೆಯೇ ಹರಿಯುತ್ತದೆ. ಹತ್ತಿಯ ಹಾಸು ಅಥವಾ ಪಂಚೆಯನ್ನು ಕಲೆಗಿಂತ ಗಾಢವಾದ ಬಣ್ಣದಲ್ಲಿ ಅದ್ದಿಸುವುದು ಒಂದು ಮಾರ್ಗ. ಕಸೂತಿಯ ಕೈಚಳಕವುಳ್ಳವರು ಕಲೆಯ ಮೇಲೆ ಹೂವೊಂದನ್ನು ಹೆಣೆದು ಮುಚ್ಚುವುದೂ ಇದೆ. ಎರಡೂ ಒಗ್ಗದಿದ್ದಲ್ಲಿ, ಊಟದ ಪಂಚೆಯು ಟವೆಲಾಗಿ, ಟವೆಲು ಕೈಯೊರೆಸುವ ತುಂಡಾಗಿ, ಕೊನೆಗೆ ಒಲೆಯ ಬಳಿಯ ಮಸಿಬಟ್ಟೆಯಾಗಿ ಇನ್ನೂ ಹಲವು ವರ್ಷ ಬಳಕೆಯಲ್ಲಿರುತ್ತದೆ.